ಮಗ್ಗದ ಹೆಂಗಸರ ತುಟಿಮಾತು

“ನಮ್ಮ ಮಗ್ಗದ ಶೆಡ್ಡಲ್ಲಿ ದನಿ ಅನ್ನೋದು ಯಾರ ಉಪಯೋಗಕ್ಕೂ ಬರ್ತಿರಲಿಲ್ಲ ಕಣ್ರೀ. ಮಗ್ಗಗಳು ಒಟ್ಟಿಗೆ ಬಡ್ಕೋತಿದ್ರೆ ಗಂಟಲು ಹರ್ಕೊಂಡ್ರೂ ಪಕ್ಕದೋಳಿಗೆ ಕೇಳಿಸ್ತಿರಲಿಲ್ಲ. ಅದಕ್ಕೇ ತುಟೀಲೇ ಮಾತು. ಬಾಯಿ ಅಗಲ ಮಾಡಿ, ಬಿಡಿಸಿ ಬಿಡಿಸಿ ಆಡ್ಬೇಕು. ಯಾರಿಗೆ ಗಂಡ ಹೊಡೆದ, ಯಾರಿಗೆ ತಿಂಗಳು ನಿಂತಿತು, ಆ ತುದೀಲಿ ಆಡಿದ್ದು ಈ ತುದೀಲಿ ನಮಗೆ ಗೊತ್ತಾಗ್ತಿತ್ತು. ಮೇಸ್ತ್ರಿ ನಡುವೆ ಓಡಾಡ್ತಿದ್ದ, ಅವನ ತಲೆ ಮೇಲಿಂದ್ಲೇ ಅವನನ್ನ ಬೈತಿದ್ವಿ. ಮನೇಲಿ ಗಂಡನ ಹತ್ರ ಜಗಳ ಆಡುವಾಗ್ಲೂ ನಂಗೆ ದನಿ ಹಾಕೋದೇ ಮರ್ತು ಹೋಗ್ತಿತ್ತು. ಅವನು ಗೋಡೆ ಕಡೆ ತಿರುಗಿಬಿಡ್ತಿದ್ದ, ಅಲ್ಲಿಗೆ ಜಗಳ ಮುಗೀತು!”

ಇದನ್ನು ಹೇಳಿ ನಗುವಾಗಲೂ ಎದೆಲ್ಮಾ ಬೆಂತಾಂಕೋರ್‌ಗೆ ದನಿ ಬರುವುದಿಲ್ಲ, ಹೊಟ್ಟೆ ಮಾತ್ರ ಕುಲುಕುತ್ತದೆ. ಉರುಗ್ವೆಯ ನದಿದಂಡೆಯ ಪಾಸೊ ಪಾರ್ದೊದಲ್ಲಿ ಉಣ್ಣೆ ಮಿಲ್ಲೆಂದರೆ ಊರು, ಊರೆಂದರೆ ಮಿಲ್ಲು. ಲಂಗದ ವಯಸ್ಸಿನಲ್ಲಿ ಸೇರಿದವಳು ತಲೆ ನೆರೆಯುವವರೆಗೂ ಅಲ್ಲೇ ನೇಯ್ದಳು. ಒಂದು ಸೋಮವಾರ ಗೇಟು ತೆರೆಯಲಿಲ್ಲ. ಹೆಂಗಸರು ಬೀಗದ ಮುಂದೆ ಕೂತು ಮಾಟೆ ಕಷಾಯದ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಮಧ್ಯಾಹ್ನದವರೆಗೆ ಕಾದರು. ಆಮೇಲೆ ಎದ್ದು ಮನೆಗೆ ಹೋದರು. ವಯಸ್ಸಿನ ಹುಡುಗರು ಕಸಾಯಿಖಾನೆಯ ಕೆಲಸಕ್ಕೋ ರಾಜಧಾನಿಗೋ ಹೊರಟರು. ಎದೆಲ್ಮಾಳ ಅಳಿಯನೂ ಹೋದ. ಮಗಳು ಯಾನಿನಾ ತುಂಬಿದ ಬಸುರಿ, ತಾಯಿಯ ಹತ್ತಿರ ಉಳಿದಳು.

ಜನ ಕಡಿಮೆಯಾದರೆ ಹೆರಿಗೆಯೂ ಕಡಿಮೆ. ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಿ ಮಂಚಗಳನ್ನು ಜಿಲ್ಲಾ ಪಟ್ಟಣಕ್ಕೆ ಒಯ್ಯುತ್ತಾರಂತೆ ಎಂದು ಸುದ್ದಿ ಹಬ್ಬಿತು. ಪಟ್ಟಣ ದೂರ, ದಾರಿಯೆಲ್ಲ ಹೊಂಡ. ಆ ಚಳಿಗಾಲದಲ್ಲೇ ಬ್ರೆಡ್ ಅಂಗಡಿಯವನ ಸೊಸೆಯನ್ನು, ಇಲ್ಲಿ ಡಾಕ್ಟರಿಲ್ಲ ಎಂದು ಪಟ್ಟಣಕ್ಕೆ ಕಳಿಸಿದ್ದರು. ಸೇತುವೆಯ ಹತ್ತಿರ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಅಂದಿನಿಂದ ಎದೆಲ್ಮಾಳ ಕಣ್ಣು ಮಗಳ ಹೊಟ್ಟೆಯ ಮೇಲೇ.

ರಾಜಧಾನಿಯಿಂದ ಆಸ್ಪತ್ರೆಯ ಹೊಸ ನಿರ್ದೇಶಕರು ಬಂದು ಕ್ಲಬ್ಬಿನ ಹಾಲಿನಲ್ಲಿ ಸಭೆ ಕರೆದರು. ಬೋಳುತಲೆ, ದುಂಡು ಮುಖ, ಡಾಕ್ಟರ್ ಎಚೆವೆರ್ರಿ ಎಂದು ಹೆಸರು. ವಾರ್ಡನ್ನು ಮುಚ್ಚುವುದಲ್ಲ, ಸ್ಥಳಾಂತರಿಸುವುದು ಎಂದು ಕಾಗದ ನೋಡಿ ಓದತೊಡಗಿದರು. ಎದೆಲ್ಮಾ ಈ ಗೋಡೆಯ ಬೆಂಚಿನಲ್ಲಿ, ಮಗ್ಗದ ಗೆಳತಿ ಸುಲ್ಮಾ ಆ ಗೋಡೆಯ ಬೆಂಚಿನಲ್ಲಿ. ಇಬ್ಬರ ತುಟಿಗಳೂ ಹಳೆಯ ಚಾಳಿಗೆ ಬಿದ್ದವು.

“ಮುಖ ನೋಡೇ, ಬೇಯಿಸಿದ ಕುಂಬಳಕಾಯಿ,” ಎಂದಳು ಸುಲ್ಮಾ.

“ಕುಂಬಳಕಾಯಿಗಾದ್ರೂ ಒಳಗೆ ಬೀಜ ಇರುತ್ತೆ. ಮಂಚ ಒಯ್ಯೋ ಲಾರಿ ಯಾವತ್ತು ಬರುತ್ತೋ ಅದೊಂದು ತಿಳಿದ್ರೆ ಸಾಕು, ಎಲ್ಲರೂ ಹೋಗಿ ಮಲಗಿಬಿಡೋಣ. ಮನುಷ್ಯರು ಮಲಗಿರೋ ಮಂಚ ಹೇಗೆ ಎತ್ತುತಾರೆ?”

“ನಿನ್ನ ಹೊಟ್ಟೆಗೆ ಏಳು ತಿಂಗಳು ಅಂದ್ರೂ ನಂಬ್ತಾರೆ ಬಿಡು.”

“ನಿಂದಕ್ಕೆ ಅವಳಿ ಅಂತೀನಿ.”

ಓದುತ್ತಿದ್ದ ಡಾಕ್ಟರು ನಿಲ್ಲಿಸಿದರು. ನೀರು ಕುಡಿದರು. ಪಕ್ಕದಲ್ಲಿ ಕೂತ ಸಭೆಯ ಅಧ್ಯಕ್ಷರಿಗೆ ಕಾಣದಂತೆ ಕಾಗದವನ್ನು ಕೆನ್ನೆಗೆ ಅಡ್ಡ ಹಿಡಿದು, ಎದೆಲ್ಮಾಳನ್ನೇ ನೋಡುತ್ತ, ದನಿಯಿಲ್ಲದೆ ತುಟಿ ಬಿಡಿಸಿ ಬಿಡಿಸಿ ಹೇಳಿದರು:

“ಶುಕ್ರವಾರ ಬೆಳಿಗ್ಗೆ. ಮುಖ ನಮ್ಮಮ್ಮಂದು. ಇರ್ಮಾ ಅಂತ, ನಿಮ್ಮ ಶೆಡ್ಡಲ್ಲೇ ಇದ್ಲು.”

ಎದೆಲ್ಮಾಳ ಕಿವಿಯ ತನಕ ಬಿಸಿಯೇರಿತು. ಮಿಲ್ಲಿನ ಹೊರಗಿನವರಿಗೆ ಈ ಮಾತು ತಿಳಿಯುವುದಿಲ್ಲ ಎಂದೇ ಜೀವಮಾನವೆಲ್ಲ ನಂಬಿದ್ದಳು. ಶೆಡ್ಡಿನ ಹೆಂಗಸರ ಮಕ್ಕಳು ಮನೆಯಲ್ಲಿ ಅದನ್ನು ನೋಡಿಕೊಂಡೇ ಬೆಳೆದದ್ದು ಅವಳಿಗೆ ಹೊಳೆದಿರಲಿಲ್ಲ. ಇರ್ಮಾ ಪುಟ್ಟ ಮಗನನ್ನು ಕರೆದುಕೊಂಡು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಸಭೆ ಮುಗಿದು ಬಾಗಿಲಲ್ಲಿ ಎದುರಾದಾಗ ಡಾಕ್ಟರು ದನಿಯಲ್ಲೇ ಹೇಳಿದರು: “ಮುಚ್ಚೋ ಕಾಗದಕ್ಕೆ ರುಜು ನಂದೇ, ಅಮ್ಮಾ. ತಪ್ಪಿಸೋಕೆ ಆಗಲ್ಲ. ಸ್ವಲ್ಪ ತಡ ಆದ್ರೆ ಮಾತ್ರ ನಂಗೇನೂ ಬೇಜಾರಿಲ್ಲ.”

“ನನಗೆ ಬೇಕಾಗಿರೋದೂ ಸ್ವಲ್ಪ ತಡಾನೇ, ಡಾಕ್ಟ್ರೇ,” ಎಂದಳು ಎದೆಲ್ಮಾ.

ಶುಕ್ರವಾರ ಲಾರಿ ಬಂದಾಗ ವಾರ್ಡಿನ ಮಂಚಗಳೆಲ್ಲ ತುಂಬಿದ್ದವು. ಮಿಲ್ಲಿನ ಹಳೆಯ ಅಂಗಿ ತೊಟ್ಟ ಮುದುಕಿಯರು ಮಲಗಿ ಹೆಣಿಗೆ ಹಾಕುತ್ತಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಯಾನಿನಾ, ಅವಳೊಬ್ಬಳದೇ ನಿಜವಾದ ಹೊಟ್ಟೆ. ಲಾರಿಯವನು ಸುಲ್ಮಾಳ ಗಂಡ, ಮಿಲ್ಲು ಹೋದ ಮೇಲೆ ಡ್ರೈವರಾದವನು.

“ಏಳೇ ಸುಲ್ಮಾ, ನನ್ನ ಕೆಲಸ ಹೋಗುತ್ತೆ!”

“ನೋವು ಶುರುವಾಗಿದೆ ಕಣಯ್ಯಾ, ಬಿಸಿನೀರು ತಾ.”

“ಇವಳನ್ನ ಎತ್ತೋಕೆ ಕ್ರೇನೇ ಬೇಕು,” ಎಂದ ಅವನು ಜೊತೆಯವನಿಗೆ. ಮೇಜು, ಅಲಮಾರು ತುಂಬಿಕೊಂಡು ಹೋದರು. ಮಂಚ ಖಾಲಿಯಿಲ್ಲ ಎಂದು ಡಾಕ್ಟರು ರಾಜಧಾನಿಗೆ ತಿಳಿಸಿದರು. ಹೆಂಗಸರು ಸರದಿಯ ಮೇಲೆ ಮಲಗಿದರು, ಮಿಲ್ಲಿನಲ್ಲಿದ್ದಂತೆ ಪಾಳಿ ಮಾಡಿಕೊಂಡು. ಮುಂದಿನ ವಾರವೇ ಯಾನಿನಾಗೆ ಹೆಣ್ಣು ಮಗು ಆಯಿತು, ಕಿಟಕಿಯ ಪಕ್ಕದ ಅದೇ ಮಂಚದಲ್ಲಿ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಸೂಲಗಿತ್ತಿ ಬಿಡಿಸಿದಳು. ಹೊಂಡದ ದಾರಿಯಲ್ಲಾಗಿದ್ದರೆ ಎಂದು ಎದೆಲ್ಮಾ ಸುಲ್ಮಾಳತ್ತ ತುಟಿಯಲ್ಲೇ ಆಡಿದಳು.

ಬೇಸಿಗೆಗೆ ಮುಂಚೆ ವಾರ್ಡು ಮುಚ್ಚಿತು. ಡಾಕ್ಟರನ್ನು ಬೇರೆ ಕಡೆಗೆ ಹಾಕಿದರು. ಈಗ ಬಸುರಿಯರು ದಿನ ಹತ್ತಿರವಾದಂತೆ ಪಟ್ಟಣದ ನೆಂಟರ ಮನೆ ಸೇರುತ್ತಾರೆ. ನೆಂಟರಿಲ್ಲದವರು ದೇವರ ಮೇಲೆ ಭಾರ ಹಾಕಿ ಇಲ್ಲೇ ಇರುತ್ತಾರೆ.

ಎದೆಲ್ಮಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾಳೆ. ಬುಟ್ಟಿಯಲ್ಲಿ ಕೂತ ಮೊಮ್ಮಗಳಿಗೆ ಹಗ್ಗದ ಆಚೆಯಿಂದ ದನಿಯಿಲ್ಲದೆ ಏನೋ ಹೇಳುತ್ತಾಳೆ, ಮಗು ಅವಳ ಬಾಯನ್ನೇ ನೋಡುತ್ತದೆ. ನದಿಯ ಕಡೆಯಿಂದ ಗಾಳಿ ಏಳುತ್ತದೆ. ಎದೆಲ್ಮಾ ಮಾತು ನಿಲ್ಲಿಸಿ ಎರಡು ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒದ್ದೆ ದುಪ್ಪಟಿಯನ್ನು ಕೊಡವಿ ಹಗ್ಗದ ಮೇಲೆ ಹರವುತ್ತಾಳೆ.