ಟೈಪಿಸ್ಟಕ್ಕನ ತಲೆಗೆ ಕಟ್ಟಿದ ಹಾಳೆಗಳು

ಒಂದು ಬದಿ ಖಾಲಿಯಿರುವ ಕಾಗದವನ್ನು ಯಾರಾದರೂ ಎಸೆದರೆ ಟೈಪಿಸ್ಟಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥ ಹಾಳೆಗಳನ್ನು ಕತ್ತರಿಸಿ, ಮೂಲೆಗೆ ದಾರ ಪೋಣಿಸಿ, ಇಡೀ ಕಚೇರಿಗೆ ಚೀಟಿ ಒದಗಿಸುತ್ತಿದ್ದವಳೇ ಅವಳು. ಅಂಥವಳನ್ನು ಒಂದು ಬೆಳಿಗ್ಗೆ ಕಾಗದ ಪೋಲು ಮಾಡುವವರಲ್ಲಿ ಮೊದಲನೆಯವಳೆಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿಬಿಟ್ಟರು. ಅಂಟಿಸಿದ್ದು ಯಾರು ಅಂತೀರಿ? ಹೆಡ್ ಗುಮಾಸ್ತ. ಅಂದರೆ ಅವಳ ಸ್ವಂತ ಅಕ್ಕನ ಗಂಡ!

ಕಚೇರಿಗೆಲ್ಲ ಇದ್ದದ್ದು ಒಂದೇ ಪ್ರಿಂಟರ್, ಮೆಟ್ಟಿಲ ಪಕ್ಕದಲ್ಲಿ. ಯಾರು ಎಷ್ಟು ಹಾಳೆ ತೆಗೆದರೆಂದು ಸರ್ವರ್ ಎಂಬ ಪೆಟ್ಟಿಗೆ ಅವರವರ ಲಾಗಿನ್ ಹೆಸರಿನಲ್ಲಿ ಬರೆದಿಡುತ್ತಿತ್ತು. ಅವಳ ಲಾಗಿನ್ ‘ಟೈಪಿಸ್ಟ್’. ಪೆಟ್ಟಿಗೆ ಹೇಳಿದ್ದನ್ನು ಎಲ್ಲರೂ ಕಣ್ಣು ಮುಚ್ಚಿ ನಂಬಿದರು. ವರ್ಷಗಟ್ಟಲೆ ಕಣ್ಣೆದುರೇ ದುಡಿದ ಹೆಂಗಸಿನ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

“ಭಾವ, ದೇವರಾಣೆ, ನಾನು ತೆಗೆದಿಲ್ಲ,” ಎಂದಳು.

“ನಾನೇನು ಮಾಡ್ಲಿ? ಸರ್ವರ್ ಸುಳ್ಳು ಹೇಳುತ್ತಾ?” ಭಾವ ಕನ್ನಡಕ ಒರೆಸಿಕೊಂಡ. “ನಾದಿನಿ ಅಂತ ಬಿಟ್ರೆ ನಾಳೆ ಎಲ್ಲರೂ ನನ್ನನ್ನೇ ಆಡ್ಕೋತಾರೆ.”

ಮಧ್ಯಾಹ್ನದೊಳಗೆ ಕುಹಕ ಶುರುವಾಯಿತು. “ಏನಕ್ಕ, ಮನೇಲಿ ಪುಸ್ತಕದಂಗಡಿ ಇಟ್ಟಿದ್ದೀರಂತೆ?” ಅದನ್ನಾದರೂ ನುಂಗಿಕೊಂಡಳು. ಸಂಜೆ ಅಕ್ಕನ ಫೋನ್ ಬಂತು: “ಅವರ ಮರ್ಯಾದೆ ಕಳೆದುಬಿಟ್ಯಲ್ಲೇ. ಕಾಗದ ಬೇಕಿದ್ರೆ ನನ್ನನ್ನ ಕೇಳಬಾರದಿತ್ತಾ?” ಇದನ್ನು ಮಾತ್ರ ನುಂಗಲಾಗಲಿಲ್ಲ. ಊರವರು ಏನಾದರೂ ಅಂದುಕೊಂಡು ಸಾಯಲಿ, ಒಡಹುಟ್ಟಿದವಳ ಕಣ್ಣಲ್ಲಿ ಕಳ್ಳಿಯಾಗಿ ಬದುಕುವುದು ಹೇಗೆ?

ಮರುದಿನ ಅವಳು ತನ್ನ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಸೀದಾ ಹೋಗಿ ಪ್ರಿಂಟರ್ ಪಕ್ಕ ಕೈಕಟ್ಟಿ ನಿಂತಳು. ಸ್ವಲ್ಪ ಹೊತ್ತಿಗೆ ಅದು ಗೊರಗುಟ್ಟಿ ಹಾಳೆ ಉಗುಳತೊಡಗಿತು. ಕಳಿಸಿದವರ ಹೆಸರಿರುವ ಮೊದಲ ಹಾಳೆಯಲ್ಲಿ ದಪ್ಪಕ್ಷರದಲ್ಲಿ ‘ಟೈಪಿಸ್ಟ್’! ಅದರ ಹಿಂದೆ ಯಾವುದೋ ಕಟ್ಟಡದ ಚರಂಡಿ ಪೈಪಿನ ನಕ್ಷೆ. ಅಷ್ಟನ್ನೂ ಬಾಚಿಕೊಂಡು ದಡದಡನೆ ಮಹಡಿಯ ನಕ್ಷೆ ವಿಭಾಗಕ್ಕೆ ನಡೆದಳು.

“ಯಾರದ್ರೀ ಇದು?”

“ನಮ್ದೇ ಅಕ್ಕ, ಕೊಡಿ,” ಎಂದ ನಕ್ಷೆ ಬರೆಯುವವನು.

“ಮೇಲೆ ನನ್ನ ಹೆಸರು ಯಾಕಪ್ಪಾ ಇದೆ?”

“ನಮ್ಮ ಎಲ್ಲಾ ಕಂಪ್ಯೂಟರಲ್ಲೂ ಹಾಗೇ ಇರೋದು. ಟೈಪ್ ಮಾಡೋರೆಲ್ಲ ಟೈಪಿಸ್ಟೇ ತಾನೇ ಅಂದ್ಕೊಂಡ್ವಿ!”

ಸಿಸ್ಟಮ್ ನೋಡಿಕೊಳ್ಳುವವನನ್ನು ಕರೆಸಿದರು. ಕಚೇರಿಯಲ್ಲಿ ಉಳಿದವರದ್ದೆಲ್ಲ ವಿಂಡೋಸ್, ನಕ್ಷೆಯವರದ್ದು ಮಾತ್ರ ಲಿನಕ್ಸ್ ಎಂಬ ಬೇರೆ ತಂತ್ರಾಂಶ. ಈ ಮಹಾಶಯ ಲಿನಕ್ಸನ್ನು ಮೊದಲು ಟೈಪಿಸ್ಟಕ್ಕನ ಮೇಜಿನ ಮೇಲೆ, ಅವಳ ಹೆಸರಲ್ಲೇ ಹಾಕಿ ಪರೀಕ್ಷೆ ಮಾಡಿದ್ದ. ಆಮೇಲೆ ಅದನ್ನೇ ಇದ್ದದ್ದು ಇದ್ದ ಹಾಗೇ ಮಹಡಿಯ ಎಲ್ಲ ಕಂಪ್ಯೂಟರಿಗೂ ನಕಲು ಮಾಡಿದ್ದ. ವಿಂಡೋಸಿನವರು ದಿನಾ ತಮ್ಮ ತಮ್ಮ ಹೆಸರು ಹೊಡೆದು ಒಳಗೆ ಹೋಗಬೇಕು. ಮಹಡಿಯ ಕಂಪ್ಯೂಟರುಗಳು ಮಾತ್ರ ಅವಳ ಹೆಸರಿನಲ್ಲಿ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು.

“ಹೆಸರು ಬದಲಾಯಿಸೋದು ಮರೆತೇಹೋಯ್ತು,” ಎಂದು ತಲೆ ಕೆರೆದುಕೊಂಡ. ಮರೆತೇಹೋಯ್ತಂತೆ! ಇವನ ಮರೆವಿಗೆ ಅವಳ ಮಾನ ಹರಾಜಾಗಬೇಕಿತ್ತೇ?

ಭಾವ ಸದ್ದಿಲ್ಲದೆ ನೋಟಿಸ್ ಕಿತ್ತು, ಮಡಚಿ ಜೇಬಿಗೆ ಸೇರಿಸಿದ.

“ತಪ್ಪು ನಮ್ಮದು ಅಂತ ಬರೆದು ಅಲ್ಲೇ ಅಂಟಿಸಿ,” ಎಂದಳು.

“ಹೋಗ್ಲಿ ಬಿಡೇ, ಈಗ್ಯಾಕೆ ಅದೆಲ್ಲ? ನೀನು ಅಂಥವಳಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.”

“ಗೊತ್ತಿತ್ತಾ?”

“ಗೊತ್ತಿಲ್ದೆ ಏನು! ನಾನು ಎತ್ತಿ ಆಡಿಸಿದ ಕೂಸಲ್ವಾ ನೀನು?”

ಅವಳು ಅವನ ಮುಖವನ್ನೇ ನೋಡಿದಳು. ಗೊತ್ತಿಲ್ಲದೆ ಅಂಟಿಸಿದ್ದರೆ ಕ್ಷಮಿಸಿಬಿಡುತ್ತಿದ್ದಳೋ ಏನೋ.

“ಹಾಗಾದ್ರೆ ನೀವೇ ಬರೀರಿ, ಸಾರ್,” ಎಂದಳು. ಅಂದಿನಿಂದ ಅಕ್ಕನ ಮನೆಯಲ್ಲಿ, ಅಕ್ಕನ ಎದುರಿನಲ್ಲಿ ಕೂಡ, ಅವಳು ಅವನನ್ನು ಭಾವ ಎಂದು ಕರೆಯಲಿಲ್ಲ.