ಕೊಬ್ಬರಿ ಶೆಡ್ಡಿನ ಬಸಮ್ಮನ ಹೊಟ್ಟೆಕಿಚ್ಚು

ಜಾವಗಲ್ ಪಕ್ಕದ ತೆಂಗಿನ ತೋಟದ ಶೆಡ್ಡಿನಲ್ಲಿ ಬೆಳಕು ಹರಿಯುವ ಮುಂಚೆಯೇ ಬಸಮ್ಮ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯ ರಾಶಿ ಮುಂದಿದೆ. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಬಲಕ್ಕೆ. ಚಿಪ್ಪಿಗೆ ಅಂಟಿಕೊಂಡು ಸುಮ್ಮನಿದ್ದರೆ ಎಡಕ್ಕೆ, ಅದು ಮತ್ತೆ ಅಟ್ಟ ಹತ್ತಬೇಕು. ಬಲಗಡೆಯ ಕಾಯಿ ಎತ್ತಿಕೊಂಡು, ಒಳಗಿನ ಉಂಡೆ ಕೊಬ್ಬರಿಗೆ ಗಾಯವಾಗದಂತೆ ಮಚ್ಚಿನಲ್ಲಿ ಚಿಪ್ಪು ಬಿಡಿಸುವವರು ವಾರಗಿತ್ತಿ ಮರುಳಮ್ಮ.

ಮೊದಲು ಆ ಮಚ್ಚು ಬಸಮ್ಮನ ಕೈಯಲ್ಲಿತ್ತು. ಮರುಳಮ್ಮ ಕಾಯಿ ಹೊತ್ತು ಹಾಕುವವರು, ಅಷ್ಟೆ. ಎಪ್ಪತ್ತು ಸಮೀಪಿಸಿದಾಗ ಇಬ್ಬರಿಗೂ ಕಣ್ಣು ಮಂಜಾಯಿತು, ಇಬ್ಬರೂ ಕಣ್ಣಿನ ಕ್ಯಾಂಪಿಗೆ ಹೋದರು. ಮರುಳಮ್ಮನದು ಪೊರೆ. ಆಪರೇಷನ್ ಆಯಿತು, ಕಣ್ಣು ಕಾಣತೊಡಗಿತು. ಬಸಮ್ಮನದು ಗ್ಲಾಕೋಮಾ. ಕಣ್ಣಿನ ನರ ಹಾಳಾಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದಿರುವ ಚೂರು ಬೆಳಕಿಗಾಗಿ ದಿನಾ ಡ್ರಾಪ್ಸ್ ಹಾಕಿಕೊಳ್ಳಿ ಎಂದರು ಡಾಕ್ಟರು.

"ಒಂದೇ ವ್ಯಾನು, ಒಂದೇ ಬೆಂಚು. ಅವ್ಳಿಗೆ ಕೊಟ್ಟ ದೇವ್ರು ನನ್ ಸರದಿ ಬಂದಾಗ ಎದ್ದೋದ್ನಾ?" ಎಂದು ಕೇಳುತ್ತಾರೆ ಬಸಮ್ಮ.

ಪಟ್ಟಿ ಬಿಚ್ಚಿಸಿಕೊಂಡು ಬಂದ ಮರುಳಮ್ಮ ಸಂಭ್ರಮದಲ್ಲಿ, "ಅಕ್ಕಾ, ನಿನ್ ಸೀರೆ ಅಂಚು ನೇರಳೆ ಕಣಕ್ಕಾ" ಅಂದುಬಿಟ್ಟರು. ಬಸಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟ ಬೇಡ, ಸ್ನಾನ ಬೇಡ, ಡ್ರಾಪ್ಸೂ ಬೇಡ. ವಯಸ್ಸಾಯ್ತು, ಇನ್ನೇನು ಎಂದು ಮನೆಯವರು ಕೈ ಬಿಟ್ಟರು. ನಾವೆಲ್ಲ ಹೇಳುವುದೂ ಅದನ್ನೇ ತಾನೆ? ಒಪ್ಪದಿದ್ದವರು ಆಶಾ ಕಾರ್ಯಕರ್ತೆ ಪುಷ್ಪಲತಾ ಒಬ್ಬರೇ. "ಇದು ವಯಸ್ಸಲ್ಲ, ಖಿನ್ನತೆ. ಕಣ್ಣು ಹೋದವ್ರಿಗೆ ಹಿಂಗಾಗುತ್ತೆ, ಔಷಧಿ ಐತೆ" ಎಂದು ಅರಸೀಕೆರೆ ಆಸ್ಪತ್ರೆಗೆ ಕರೆದೊಯ್ದರು. ಮಾತ್ರೆ ಶುರುವಾಯಿತು. ಕೈಗೆ ಏನಾದರೂ ಕೆಲಸ ಕೊಡಿ ಎಂದೂ ಡಾಕ್ಟರು ಹೇಳಿದರು.

ಶೆಡ್ಡಿಗೆ ಕೈ ಹಿಡಿದು ಕರೆತಂದಿದ್ದು ಮರುಳಮ್ಮನೇ. ಅದೂ ಬಸಮ್ಮನಿಗೆ ಸಹಿಸಲಾಗಲಿಲ್ಲ. "ನನ್ ಮಚ್ಚಿನ ಸದ್ದು ಅವ್ಳ ಕೈಲಿ ಕೇಳ್ಬೇಕಲ್ಲ!" ಒಂದು ದಿನ ಬೇಕೆಂದೇ ಅಂಟುಕಾಯಿಗಳನ್ನು ಬಲಗಡೆ ತಳ್ಳಿದರು. ಮರುಳಮ್ಮ ಒಡೆದ ಉಂಡೆಯೆಲ್ಲ ಚೂರಾಯಿತು. ಆಪರೇಷನ್ ಆಗಿಯೂ ಕಣ್ಣು ಕಾಣಲ್ವಾ ಎಂದು ಶೆಡ್ಡಿನ ಯಜಮಾನರು ಗದರಿದರು. ಬಸಮ್ಮನ ಹೊಟ್ಟೆ ತಣ್ಣಗಾಯಿತು.

ಯಜಮಾನರು ಅತ್ತ ಹೋದ ಮೇಲೆ ಮರುಳಮ್ಮ ಒಂದು ಚೂರನ್ನು ಬಸಮ್ಮನ ಅಂಗೈಗೆ ಇಟ್ಟರು. "ಹಸಿ ಐತೆ ಅಕ್ಕ. ನಿನ್ ಕಿವಿ ತಪ್ಪಲ್ಲ, ನಂಗೊತ್ತು. ಬಯ್ಯೋದಾದ್ರೆ ಬಾಯಲ್ಲಿ ಬಯ್ಯಿ, ಕಾಯಲ್ಲಿ ಬಯ್ಬ್ಯಾಡ."

ಬಸಮ್ಮ ಬಾಯಿ ಬಿಟ್ಟರು. ಆ ವ್ಯಾನು, ಬೆಂಚು, ನೇರಳೆ ಅಂಚು, ಎಲ್ಲವನ್ನೂ ಹಿಡಿದು ಮನಸಾರೆ ಬಯ್ದರು. ಮರುಳಮ್ಮ ಕೇಳಿಸಿಕೊಳ್ಳುತ್ತಲೇ ಉಳಿದ ಅಂಟುಕಾಯಿಗಳನ್ನು ಎಡಕ್ಕೆ ಎತ್ತಿಹಾಕಿದರು. ಅವತ್ತು ಊಟಕ್ಕೆ ಕೂತಾಗ ಬಸಮ್ಮ ಎಷ್ಟೋ ತಿಂಗಳ ಮೇಲೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು.

ಈಗ ದಿನಾ ಬೆಳಗ್ಗೆ ಡ್ರಾಪ್ಸ್ ಹಾಕುವವರೂ ಮರುಳಮ್ಮನೇ. ಹಾಗಾದರೆ ಹೊಟ್ಟೆಕಿಚ್ಚು ಹೋಯಿತೇ ಎಂದರೆ ಬಸಮ್ಮ, ಪಕ್ಕದಲ್ಲಿ ಕೂತ ಮರುಳಮ್ಮನಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳುತ್ತಾರೆ: "ಎಲ್ಲೋಯ್ತದೆ? ಆ ಕಣ್ಣು ನಂಗ್ ಬರ್ಬೇಕಿತ್ತು ಅಂತ ಈಗ್ಲೂ ಉರೀತೈತೆ. ಆದ್ರೆ ನಾನು ಕಾಯಿ ಅಲ್ಲಾಡ್ಸಿ ಹೂಂ ಅನ್ನೋಗಂಟ ಅವ್ಳ ಮಚ್ಚು ಮೇಲಕ್ಕೇಳಾಕಿಲ್ಲ."