ಪಾರ್ವತಮ್ಮನ ಕಂಪ್ಯೂಟರಿಗೆ ಹೊಸ ಕಾರ್ಡು

ಜೂಜುವಾಡಿಯ ಕದಿರಪ್ಪ ಬೆಳಗಿನ ಜಾವ ಅಂಗಡಿ ಬಾಗಿಲು ತೆಗೆಯದಿದ್ದರೆ ಹೊಸೂರಿಗೆ ಸೂರ್ಯ ಹುಟ್ಟುವುದಿಲ್ಲ. ಕಣ್ಣಾರೆ ಕಂಡ ಮಾತು. ಹೋದ ವರ್ಷ, ೧೯೮೮ರಲ್ಲಿ, ಅವರಿಗೆ ಜ್ವರ ಬಂದ ದಿನ ಮಧ್ಯಾಹ್ನದವರೆಗೂ ಲಾರಿಗಳು ದೀಪ ಹಾಕಿಕೊಂಡೇ ಗಡಿ ದಾಟಿದವು.

ಇವತ್ತು ಜ್ವರವಿಲ್ಲ. ಟೈರ್ ಅಂಗಡಿಯ ಪಕ್ಕದ ಕೋಣೆಯಲ್ಲಿ, ಹೊರಗೆ ಇನ್ನೂ ಮಬ್ಬಿರುವಾಗಲೇ, ಕದಿರಪ್ಪ ಟಿ.ವಿ.ಯೊಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದಾರೆ. ಇಷ್ಟು ಹೊತ್ತಿಗೇ ಯಾಕೆ ಎಂದರೆ, "ಫ್ಯಾಕ್ಟ್ರಿಗಳು ಶುರುವಾದ್ರೆ ಕರೆಂಟು ಸೊರಗೋಯ್ತದೆ ಸಾಮಿ. ಈಗಾದ್ರೆ ತುಂಬ್ಕೊಂಡ್ ಬತ್ತೈತೆ" ಎನ್ನುತ್ತಾರೆ. ದಿನಕ್ಕೆ ನೂರು ಟಿ.ವಿ.ಗೆ ಜೀವ ಕೊಡುತ್ತೀರಲ್ಲವೇ ಎಂದರೆ ನಗುತ್ತಾರೆ: "ಎರಡು ಬಂದ್ರೆ ಆವತ್ತು ಹಬ್ಬ."

ಅಪ್ಪ ಅಮ್ಮ ಬೇಗ ಹೋದರು. ಸಾಕಿದವರು ಅಕ್ಕ ಪಾರ್ವತಮ್ಮ. ಹೊಸೂರಿನ ಒಂದು ಲೇತ್ ಕಾರ್ಖಾನೆಯಲ್ಲಿ ಟೈಪು ಮಾಡಿ ತಮ್ಮನಿಗೆ ಅನ್ನ ಹಾಕಿದರು, ರೇಡಿಯೊ ರಿಪೇರಿ ಕಲಿಯಲು ಕಳಿಸಿದರು. ಮಾಲೀಕ ಚಿನ್ನಸ್ವಾಮಿ ಬಾಯಲ್ಲಿ ಹೇಳುತ್ತಿದ್ದರೆ ಪಾರ್ವತಮ್ಮನ ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಕೀಲಿ ನೋಡುವ ಅಭ್ಯಾಸವೇ ಇರಲಿಲ್ಲ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಅದೂ ಯಾರೋ ಬಳಸಿ ಬಿಟ್ಟದ್ದು. ಅದರಲ್ಲಿ ಪರದೆ ನೋಡದೆ ನಡೆಯುವುದಿಲ್ಲ. ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಹುಡುಕಬೇಕು, ಅಲ್ಲೇ ತಿದ್ದಬೇಕು. ಪಾರ್ವತಮ್ಮನ ಕಾಗದಗಳಲ್ಲಿ ತಪ್ಪು ಹೆಚ್ಚಿತು. "ಅಕ್ಷರ ಅಲುಗಾಡ್ತವೆ ಕಣ್ಲಾ ಕದಿರ, ಮಿಷನ್ನಿಗೆ ವಯಸ್ಸಾಗೈತೆ" ಎಂದರು ಅಕ್ಕ. ಅಕ್ಷರಗಳು ಮಸುಕಾಗಿದ್ದದ್ದು ನಿಜವೇ ಆದ್ದರಿಂದ ಯಾರಿಗೂ ಬೇರೆ ಅನುಮಾನ ಬರಲಿಲ್ಲ. ಚಿನ್ನಸ್ವಾಮಿ ತಮಿಳು ಬೆರೆಸಿ ಖಡಾಖಂಡಿತ ಹೇಳಿದರು: "ಇಂದಾಪ್ಪಾ ಕದಿರಪ್ಪಾ, ಸೋಮವಾರಕ್ಕೆ ಸರಿ ಮಾಡು. ಇಲ್ಲಾಂದ್ರೆ ಬೇರೆ ಹುಡ್ಗೀನ ಕೂರಿಸ್ತೀನಿ."

ಕದಿರಪ್ಪ ಅಲ್ಲಿಯವರೆಗೆ ಕಂಪ್ಯೂಟರ್ ಬಿಚ್ಚಿದವರಲ್ಲ. ಪರದೆಯ ಮೇಲೆ ಅಕ್ಷರ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಳಗಿರುತ್ತದೆ, ಅದನ್ನು ಬದಲಿಸಿದರೆ ಅಕ್ಷರ ತಿಳಿಯಾಗುತ್ತದೆ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾರೋ ಹೇಳಿದರು. ಅಲ್ಲೇ ಕೊಂಡ ಕಾರ್ಡನ್ನು ಜೇಬಿನಲ್ಲಿಟ್ಟು, ಅದಕ್ಕೆ ಹೊಂದುವ ಪರದೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಭಾನುವಾರ ಮುಂಜಾನೆ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾರ್ಖಾನೆಯಲ್ಲೇ ಮುಚ್ಚಳ ಬಿಚ್ಚಿದರು. ಒಳಗಿನ ಧೂಳು ಊದಿದರು. ಹಳೆಯ ಕಾರ್ಡು ಕಿತ್ತು, ಹೊಸದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಸಿರು ಬಿಗಿಹಿಡಿದು ಒತ್ತಿ ಕೂರಿಸಿದರು. ಸ್ವಿಚ್ಚು ಹಾಕಿದರು. ಫ್ಯಾನು ತಿರುಗಿತು. "ಪೀಂ" ಎಂದಿತು.

ಆಗ ನೋಡಬೇಕಿತ್ತು! ಪರದೆಯ ಬೆಳಕಿಗೆ ಊರ ಕೋಳಿಗಳೆಲ್ಲ ಎರಡನೇ ಸಲ ಕೂಗಿದವು. "ಮುತ್ತಿನಂಗೈತೆ ಕಣ್ಲಾ ಅಕ್ಷರ!" ಎಂದ ಪಾರ್ವತಮ್ಮ ತಿಂಗಳ ಕೆಲಸವನ್ನು ತಿಂಡಿಗೆ ಮೊದಲೇ ಮುಗಿಸಿದರು. ಸೋಮವಾರ ಚಿನ್ನಸ್ವಾಮಿ ಅಕ್ಕ-ತಮ್ಮನಿಗೆ ಹಾರ ಹಾಕಿ ಅಡ್ಡಬಿದ್ದರು.

ಪತ್ರಿಕೆಗೆಂದು ಇಷ್ಟು ಬರೆದು ಕದಿರಪ್ಪನವರ ಅಂಗಡಿಯಲ್ಲೇ ಗಟ್ಟಿಯಾಗಿ ಓದುತ್ತೇನೆ. ಬಾಗಿಲಲ್ಲಿ ಪಾರ್ವತಮ್ಮ ಅವರೆಕಾಯಿ ಬಿಡಿಸುತ್ತಿದ್ದಾರೆ. ಅವರ ಕೈ ನಿಲ್ಲುತ್ತದೆ.

"ಯಾರ್ ಸಾಮಿ ನೋಡಿದ್ದು?"

"ನೀವೇ ಅಲ್ಲವೇ ಅಮ್ಮಾ? ಮುತ್ತಿನಂಗೈತೆ ಅಂದಿರಂತೆ."

"ಅಂದೆ. ಫ್ಯಾನು ತಿರುಗ್ತು, ಪೀಂ ಅಂತು. ಸರಿಹೋಗಿರ್ಬೇಕು ಅಂತ ಅಂದ್ಬುಟ್ಟೆ. ಆಮ್ಯಾಕೆ ನನ್ ಕಿವಿಗೆ ಬಿತ್ತು, ಇವ್ನು ಇನ್ನೂ ಪರದೆ ವೈರು ಸಿಗಿಸಿ ತಿರುಪು ಬಿಗೀತಾವ್ನೆ."

ಕದಿರಪ್ಪ ಬೆಸುಗೆ ಕಡ್ಡಿ ಕೆಳಗಿಡುತ್ತಾರೆ. "ಅಕ್ಕಾ... ನಿಂಗೆ ಗೊತ್ತಾಗಿತ್ತಾ?"

"ಗೊತ್ತಾಗ್ದೆ ಏನ್ಲಾ? 'ಊಂ ಅಕ್ಕಾ, ಮುತ್ತಿನಂಗೈತೆ' ಅಂತ ನೀನೂ ಅಂದ್ಯಲ್ಲ. ಈ ಮುದ್ಕೀಗ್ ಗೊತ್ತಾಗ್ಬಾರ್ದು ಅಂತ ನೀನ್ ಮಾಡಿದ್ ನಾಟ್ಕ, ನಾನ್ಯಾಕ್ ಕೆಡಿಸ್ಲಿ ಅಂತ ಸುಮ್ಕಿದ್ದೆ."

ಒಪ್ಪಿಕೊಳ್ಳುತ್ತೇನೆ, ಸಿಕ್ಕಿಬಿದ್ದಿದ್ದೇನೆ. ಕದಿರಪ್ಪ ನನಗೆ ಹೇಳಿದ್ದು "ಕಾರ್ಡು ಕೂತ್ಕೊಂತು, ಅಕ್ಕ ಹೊಗಳಿದ್ಲು" ಎಂದಷ್ಟೇ. ಉಳಿದದ್ದು ನನ್ನ ಕೈವಾಡ. ಕೋಳಿ ಕೂಗಲಿಲ್ಲ, ಹಾರ ಬರಲಿಲ್ಲ. ಪಾರ್ವತಮ್ಮ ಹೊಗಳಿದ್ದು ಕತ್ತಲ ಪರದೆಯನ್ನು. ವೈರು ಸಿಗಿಸಿದ ಮೇಲೆ, ಕದಿರಪ್ಪ ಈಗ ಹೇಳಿದಂತೆ, ಹಸಿರು ಅಕ್ಷರಗಳು ನಿಚ್ಚಳವಾಗಿ ಮೂಡಿದವು, ಅಕ್ಕನ ಮಬ್ಬು ನೋಟ ಮಾತ್ರ ಹಾಗೇ ಉಳಿಯಿತು. ಕೃಷ್ಣಗಿರಿಯ ಕಣ್ಣಿನ ಡಾಕ್ಟರು ತುಂಬ ತಡವಾಯಿತು ಎಂದರು. ಕಾರ್ಖಾನೆಯ ಆ ಕುರ್ಚಿಯಲ್ಲಿ ಈಗ ಬೇರೆ ಹುಡುಗಿ ಇದ್ದಾಳೆ.

ಬರೆದದ್ದೆಲ್ಲವನ್ನೂ ಹೊಡೆದುಹಾಕಲೇ ಎಂದು ಕೇಳುತ್ತೇನೆ. ಪಾರ್ವತಮ್ಮ ಮತ್ತೊಂದು ಅವರೆಕಾಯಿ ಎತ್ತಿಕೊಂಡು ಬೆರಳಲ್ಲೇ ನಾರು ಹುಡುಕುತ್ತಾರೆ.

"ಒಂದ್ ಮಾತ್ ಬುಡ್ಬ್ಯಾಡಿ ಸಾಮಿ. ಆ ಹುಡ್ಗೀನ ಕೇಳ್ದೆ. ಅಕ್ಷರ ಬಲೇ ಚೆನ್ನಾಗ್ ಕಾಣ್ತವಂತೆ. ನನ್ ತಮ್ಮ ಹಾಕಿದ್ ಕಾರ್ಡು ಅದು."